ಸೊಪ್ಪಿನ ಬೆಟ್ಟ

ಅಡಿಕೆ ತೋಟಕ್ಕೆ ಬೇಕಾದ ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತಂದುಕೊಳ್ಳಲು ತೋಟಗಾರರಿಗೆ ಬಿಟ್ಟಿರುವ ಅರಣ್ಯಭೂಮಿ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹೆಚ್ಚು. ಆಡುಮಾತಿನಲ್ಲಿ ಬರೀ ‘ಬೆಟ್ಟ’. ನೆಲ ಸರ್ಕಾರದ್ದು, ಸೊಪ್ಪು ತೋಟದ್ದು. ಕಾಡನ್ನೂ ಅದನ್ನು ಬಳಸುವವರನ್ನೂ ಒಂದೇ ವ್ಯವಸ್ಥೆಯಾಗಿ ನೋಡಬೇಕೆಂಬ ಮಾತು ಪರಿಸರ ನಿರ್ವಹಣೆಯಲ್ಲಿ ಬಲಗೊಂಡದ್ದು ಎಲಿನಾರ್ ಆಸ್ಟ್ರಾಮ್ (‘ಗವರ್ನಿಂಗ್ ದಿ ಕಾಮನ್ಸ್’, 1990), ಫಿಕ್ರೆಟ್ ಬರ್ಕೆಸ್ ಮೊದಲಾದವರ ಬರಹಗಳ ನಂತರ. ಬೆಟ್ಟದ ರೂಢಿ ಅದಕ್ಕಿಂತ ಬಹಳ ಹಳೆಯದು.

ಸೊಪ್ಪಿನ ದಾರಿ

ಮಲೆನಾಡಿನ ಅಡಿಕೆ ತೋಟಗಳು ಸಾಮಾನ್ಯವಾಗಿ ಕಣಿವೆಯ ತಗ್ಗಿನಲ್ಲಿವೆ. ಜೋರು ಮಳೆಗೆ ಮಣ್ಣಿನ ಸಾರ ಬಸಿಗಾಲುವೆಗಳಲ್ಲಿ ಹರಿದುಹೋಗುತ್ತದೆ. ವರ್ಷವರ್ಷವೂ ಅದನ್ನು ತುಂಬಿಕೊಡುವುದು ಮೇಲಿನ ಬೆಟ್ಟ. ಮತ್ತಿ, ಕಿಂದಳ, ನಂದಿ, ಹೊನ್ನೆ ಮರಗಳ ಹಸಿ ಸೊಪ್ಪನ್ನು ಕತ್ತಿಯಲ್ಲಿ ಸವರಿ ಹೊರೆ ಕಟ್ಟಿ ತರುತ್ತಾರೆ. ಬೇಸಿಗೆಯಲ್ಲಿ ಉದುರಿದ ದರಕನ್ನು ಗುಡಿಸಿ ಹೆಡಿಗೆಗೆ ತುಂಬುತ್ತಾರೆ. ಈ ಕೆಲಸ ಬಹುಪಾಲು ಹೆಂಗಸರದ್ದು. ಸೊಪ್ಪು, ದರಕು ಎರಡೂ ಮೊದಲು ಹೋಗುವುದು ಕೊಟ್ಟಿಗೆಗೆ. ದನದ ಕಾಲಡಿ ಹಾಸಿಗೆಯಾಗಿ, ಸಗಣಿ-ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕೊಳೆತು, ಕೊನೆಗೆ ಅಡಿಕೆಯ ಬುಡ ಸೇರುತ್ತದೆ. ಸೊಪ್ಪನ್ನು ನೇರವಾಗಿ ಬುಡಕ್ಕೆ ಮುಚ್ಚುವುದೂ ಉಂಟು.

ಬೆಟ್ಟದ ಸ್ಥಿತಿ ಮರದ ಆಕಾರದಲ್ಲೇ ತಿಳಿಯುತ್ತದೆ. ಹದವರಿತು ಸವರಿದ ಮರ ತುದಿಯ ರೆಂಬೆ ಉಳಿಸಿಕೊಂಡು ಮತ್ತೆ ಚಿಗುರುತ್ತದೆ. ಅತಿಯಾಗಿ ಸವರಿದ್ದು ತುದಿಯಲ್ಲಿ ಒಂದು ಜುಟ್ಟು ಬಿಟ್ಟ ಕಂಬದಂತೆ ನಿಲ್ಲುತ್ತದೆ. ಅಂಥ ಬೆಟ್ಟದಲ್ಲಿ ಬೀಜ ಬೀಳುವುದು ಕಡಿಮೆ, ಬಿದ್ದ ಬೀಜದ ಮೊಳಕೆ ದನದ ಬಾಯಿ ತಪ್ಪಿಸಿಕೊಳ್ಳುವುದು ಇನ್ನೂ ಕಡಿಮೆ. ಆದರೆ ಬೇಲಿ ಹಾಕಿ ದನ ಮೇಯುವುದನ್ನು ತಡೆದು ಚೆನ್ನಾಗಿ ಕಾಯ್ದ ಬೆಟ್ಟಗಳೂ ಇವೆ. ಹೀಗಾಗಿ ‘ಬಳಕೆಯೇ ನಾಶ’ ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ.

ಹಕ್ಕೋ ಸೌಲಭ್ಯವೋ

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ನಂತರ ಕಾಡುಗಳನ್ನು ಕಾಯ್ದಿರಿಸಿದಾಗ ತೋಟಗಾರರ ರೂಢಿಯ ಬಳಕೆಗೆ ಮನ್ನಣೆ ಸಿಕ್ಕಿತು, ಆದರೆ ‘ಸೌಲಭ್ಯ’ದ ಹೆಸರಿನಲ್ಲಿ. ಘಟ್ಟದ ಮೇಲೆ ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ ಎಂಬ ಲೆಕ್ಕ ನಿಂತಿತು. ಸೌಲಭ್ಯವನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು; ಬೆಟ್ಟದ ಮರವನ್ನು ಬೆಳೆಸಿದವನಿಗೂ ಅದನ್ನು ಕಡಿಯುವ ಅಧಿಕಾರವಿಲ್ಲ. ಮರ ಬೆಳೆಸುವ ಉತ್ಸಾಹ ಕುಗ್ಗಲು ಇದೂ ಒಂದು ಕಾರಣವೆಂದು ಊಹಿಸಬಹುದು.

ಇನ್ನೊಂದು ಸಂಗತಿಗೆ ಸಾಮಾನ್ಯವಾಗಿ ಸಿಗಬೇಕಾದ ಗಮನ ಸಿಕ್ಕಿಲ್ಲ. ಬೆಟ್ಟ ಹಂಚಿಕೆಯಾದದ್ದು ತೋಟಕ್ಕೆ, ಮನೆಗಲ್ಲ. ತೋಟವಿಲ್ಲದ ಕೂಲಿಯವರಿಗೆ, ಗದ್ದೆ ಮಾತ್ರ ಇದ್ದವರಿಗೆ ಉಳಿದದ್ದು ಊರ ಸುತ್ತಲಿನ ಸಾಮಾನ್ಯ ಕಾಡು. ಸೌದೆ, ಮೇವು, ಸೊಪ್ಪಿನ ಭಾರವೆಲ್ಲ ಅದರ ಮೇಲೆ ಬಿತ್ತು. ಆ ಕಾಡು ಬೋಳಾದದ್ದಕ್ಕೆ ಜನಸಂಖ್ಯೆಯೊಂದನ್ನೇ ದೂರುವ ವಿವರಣೆ ಅರೆಬರೆಯದು.

ಊರ ಕಾಡು ಬೋಳಾಗಲೇಬೇಕೆಂದಿಲ್ಲ ಎಂಬುದಕ್ಕೆ ಹೋಲಿಕೆ ಕುಮಟಾ ತಾಲೂಕಿನ ಹಳಕಾರ. ಬ್ರಿಟಿಷರ ಕಾಲದಲ್ಲೇ ರಚನೆಯಾದ ಗ್ರಾಮ ಅರಣ್ಯ ಪಂಚಾಯತಿ ಅಲ್ಲಿ ಊರವರಿಂದಲೇ ಹಣ ಕೂಡಿಸಿ ಕಾವಲುಗಾರನನ್ನಿಟ್ಟು ಕಾಡನ್ನು ಉಳಿಸಿಕೊಂಡಿತು.

ಈಚಿನ ಸ್ಥಿತಿ

1983ರಲ್ಲಿ ಶಿರಸಿಯ ಬಳಿ ಸಲ್ಕಣಿಯಲ್ಲಿ ಆರಂಭವಾದ, ಮರಗಳನ್ನು ಅಪ್ಪಿಕೊಂಡು ಕಡಿತ ತಡೆಯುವ ಅಪ್ಪಿಕೋ ಚಳವಳಿಯಲ್ಲಿ ತೋಟಗಾರ ಕುಟುಂಬಗಳೂ ಇದ್ದವು. 1993ರ ಜಂಟಿ ಅರಣ್ಯ ಯೋಜನೆಯಿಂದ ಗ್ರಾಮ ಅರಣ್ಯ ಸಮಿತಿಗಳು ಬಂದವು. ಈಗ ದನ ಕಟ್ಟುವ ಮನೆಗಳು, ಸೊಪ್ಪು ಕಡಿಯುವ ಆಳುಗಳು ಎರಡೂ ಕಡಿಮೆಯಾಗಿ ಕೆಲವು ಬೆಟ್ಟಗಳು ತಾವಾಗಿ ಕಾಡಾಗುತ್ತಿವೆ. ಸೌಲಭ್ಯ ಮಾತ್ರ ಇಂದಿಗೂ ತೋಟಕ್ಕೇ ಅಂಟಿದೆ. ತೋಟ ಕೈಬದಲಾದರೆ ಬೆಟ್ಟವೂ ಅದರ ಹಿಂದೆಯೇ ಹೋಗುತ್ತದೆ.