ಮಿಗ್-21: ಹೆಸರು ಒಂದು, ವಿಮಾನ ಹಲವು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಭಾರತೀಯ ವಾಯುಪಡೆ ಸೋವಿಯತ್ ಮೂಲದ ಮಿಗ್-21 ಯುದ್ಧವಿಮಾನಕ್ಕೆ ವಿದಾಯ ಹೇಳಿದಾಗ ಅರವತ್ತೆರಡು ವರ್ಷಗಳ ಸೇವೆಯ ಮಾತು ಎಲ್ಲೆಡೆ ಕೇಳಿಬಂತು. ಲೆಕ್ಕವೇನೋ ಸರಿಯೇ. ಆದರೆ ಅರವತ್ತೆರಡು ವರ್ಷ ಹಾರಿದ್ದು ಒಂದೇ ವಿಮಾನವಲ್ಲ. 1963ರಲ್ಲಿ ಅದೇ ಚಂಡೀಗಢದಲ್ಲಿ 28ನೇ ಸ್ಕ್ವಾಡ್ರನ್ನಿಗೆ ಬಂದ ಮಿಗ್-21ಎಫ್-13 ಸಣ್ಣ ಮೂತಿಯ, ತೆಳ್ಳನೆ ಬೆನ್ನಿನ ವಿಮಾನ. ಕೊನೆಗೆ ನಿವೃತ್ತವಾದ ಬೈಸನ್ ಎಂಬ ರೂಪಾಂತರ ದಪ್ಪ ಬೆನ್ನಿನ, ಹೊಸ ರೇಡಾರಿನ, ಬೇರೆ ಎಂಜಿನ್ನಿನ ವಿಮಾನ. ತ್ರಿಕೋನದ ರೆಕ್ಕೆ, ಮೂತಿಯ ತುದಿಯಲ್ಲೇ ಗಾಳಿ ಸೆಳೆಯುವ ಬಾಯಿ, ಇವಿಷ್ಟು ಎರಡಕ್ಕೂ ಸಮಾನ. ಈ ವ್ಯತ್ಯಾಸಗಳನ್ನು ಒಂದೊಂದಾಗಿ ಗುರುತಿಸಿ, ಅಳೆದು, ಸಾಮಾನ್ಯರ ಕೈಗೆ ಸಿಗುವಂತೆ ಮಾಡಿದವರು ಯಾರು ಎಂದು ಕೇಳಿದರೆ, ಉತ್ತರದ ದೊಡ್ಡ ಪಾಲು ಮೇಜಿನ ಮೇಲೆ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸುತ್ತ ಕೂತ ಮಾದರಿಕಾರರಿಗೆ ಸಲ್ಲಬೇಕು. ಅವರ ಹವ್ಯಾಸವನ್ನು ಮಕ್ಕಳಾಟದ ಮುಂದುವರಿಕೆ ಎಂದು ಬದಿಗಿಡುವುದು ತಪ್ಪು. ಅದು ವಿಮಾನಗಳ ಇತಿಹಾಸಕ್ಕೆ ಒಂದು ಆಕರ. ಆಕರಗಳನ್ನು ಓದುವ ಎಚ್ಚರದಿಂದ ಅದನ್ನೂ ಓದಬೇಕು, ಅಷ್ಟೇ.

ಈ ಹವ್ಯಾಸದ ಬೇರು ಆಟಿಕೆಯ ಅಂಗಡಿಯಲ್ಲಿ ಎಷ್ಟಿದೆಯೋ ಸೇನೆಯ ತರಬೇತಿಯಲ್ಲೂ ಅಷ್ಟೇ ಇದೆ. 1930ರ ದಶಕದಲ್ಲಿ ಬ್ರಿಟನ್ನಿನ ಸ್ಕೈಬರ್ಡ್ಸ್ ಮರದ ಮಾದರಿಗಳೂ 1936ರಲ್ಲಿ ಬಂದ ಫ್ರಾಗ್ ಪೆಂಗ್ವಿನ್ ಪ್ಲಾಸ್ಟಿಕ್ ಮಾದರಿಗಳೂ 1:72ರ ಅಳತೆಯನ್ನು ರೂಢಿಗೆ ತಂದವು. ಆರಡಿಯ ಮನುಷ್ಯ ಒಂದು ಇಂಚಾಗುವ ಲೆಕ್ಕ ಅದು. ಎರಡನೇ ಮಹಾಯುದ್ಧ ಬಂದಾಗ ಅಮೆರಿಕದ ನೌಕಾಪಡೆ 1942ರಲ್ಲಿ ಶಾಲೆಗಳ ಹುಡುಗರಿಂದಲೇ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಹೊರಟಿತು. ಅಳತೆ ಅದೇ 1:72, ಬಣ್ಣ ಬರೀ ಕಪ್ಪು. ಬೇರೆ ಬಣ್ಣ, ಗುರುತು ಯಾವುದೂ ಬೇಡ, ಆಕಾರವೊಂದೇ ಸಾಕು. ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಫಿರಂಗಿಯ ಹಿಂದೆ ನಿಂತವನು ಒಂದೆರಡು ಕ್ಷಣದಲ್ಲಿ ಹೇಳಬೇಕಿತ್ತು. ಗೆರೆಗಳಲ್ಲಿ ವ್ಯತ್ಯಾಸ ಹುಡುಕುವ ಕಣ್ಣು ಹೀಗೆ ಪಳಗಿತು. ಯುದ್ಧ ಮುಗಿದ ಮೇಲೆ, 1953ರಲ್ಲಿ ಏರ್‌ಫಿಕ್ಸ್ ಕಂಪನಿ ತನ್ನ ಮೊದಲ ಸ್ಪಿಟ್‌ಫೈರ್ ವಿಮಾನದ ಕಿಟ್, ಅಂದರೆ ಜೋಡಿಸಬೇಕಾದ ಬಿಡಿತುಂಡುಗಳ ಪೆಟ್ಟಿಗೆ, ಮಾರಿದಾಗ ಅದೇ ಕಣ್ಣು ಮನೆಮನೆಗೆ ಹೋಯಿತು.

ಶೀತಲ ಸಮರದ ಕಾಲದಲ್ಲಿ ಈ ಕಣ್ಣಿಗೆ ನೋಡಲು ಏನೂ ಸಿಗದಂಥ ಪರಿಸ್ಥಿತಿ ಬಂತು. ಸೋವಿಯತ್ ವಿಮಾನದ ನಕ್ಷೆಯನ್ನು ಮಾಸ್ಕೋ ಕೊಡುವುದಿಲ್ಲ, ಆದರೆ ಪಶ್ಚಿಮದ ಕಂಪನಿಗಳಿಗೆ ಮಾರಲು ಮಿಗ್ ಬೇಕು. 1950ರ ದಶಕದಲ್ಲಿ ಅಮೆರಿಕದ ಅರೋರಾ ಕಂಪನಿ ‘ಮಿಗ್-19’ ಎಂದು ಮಾರಿದ ಕಿಟ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಆಕಾರದ ವಿಮಾನ ರಷ್ಯಾದ ಯಾವ ವಾಯುನೆಲೆಯಲ್ಲೂ ಇರಲಿಲ್ಲ. ನಿಜವಾದ ಮಿಗ್-19 ಎರಡು ಎಂಜಿನ್ನಿನ, ಪೂರ್ತಿ ಬೇರೆಯದೇ ವಿಮಾನ. ಕಂಪನಿಯನ್ನು ನೋಡಿ ನಗುವ ಮೊದಲು ಗುಪ್ತಚರರ ಸ್ಥಿತಿಯನ್ನೂ ನೆನೆಯಬೇಕು. 1956ರಲ್ಲಿ ಮಾಸ್ಕೋದ ತುಷಿನೊ ಪ್ರದರ್ಶನದಲ್ಲಿ, ಮಿಗ್ ವಿಮಾನಗಳನ್ನು ರೂಪಿಸುವ ಮಿಕೋಯಾನ್ ಸಂಸ್ಥೆಯ ಎರಡು ಬಗೆಯ ಪ್ರಾಯೋಗಿಕ ವಿಮಾನಗಳು ಹಾರಿದವು. ಒಂದಕ್ಕೆ ಹಿಂಬಾಗಿದ ರೆಕ್ಕೆ, ಇನ್ನೊಂದಕ್ಕೆ ತ್ರಿಕೋನದ ರೆಕ್ಕೆ. ನೇಟೊ ಮೊದಲನೆಯದಕ್ಕೆ ಫೇಸ್‌ಪ್ಲೇಟ್ ಎಂದೂ ಎರಡನೆಯದಕ್ಕೆ ಫಿಶ್‌ಬೆಡ್ ಎಂದೂ ಹೆಸರಿಟ್ಟಿತು. ಮೊದಲನೆಯದೇ ಕಾರ್ಖಾನೆಯಿಂದ ಸಾಲಾಗಿ ಹೊರಬರುತ್ತದೆ ಎಂದು ಪಶ್ಚಿಮದವರು ಕೆಲಕಾಲ ನಂಬಿದ್ದರು. ಬಂದದ್ದು ಎರಡನೆಯದು. 1966ರಲ್ಲಿ ಇರಾಕಿನ ಪೈಲಟ್ ಒಬ್ಬ ತನ್ನ ಮಿಗ್-21 ಅನ್ನು ಇಸ್ರೇಲಿಗೆ ಹಾರಿಸಿಕೊಂಡು ಹೋದ ಮೇಲಷ್ಟೇ ಅದನ್ನು ಮುಟ್ಟಿ, ಬಿಚ್ಚಿ, 1968ರಲ್ಲಿ ಅಮೆರಿಕದಲ್ಲಿ ಹಾರಿಸಿ ನೋಡಲು ಅವರಿಗೆ ಸಾಧ್ಯವಾಯಿತು.

ಇಲ್ಲಿ ಯಾರಾದರೂ ಎತ್ತಬಹುದಾದ ಮೊದಲ ಆಕ್ಷೇಪ ಸಹಜವಾದದ್ದೇ: ಇಷ್ಟು ತಪ್ಪು ಮಾಡುವ ವಸ್ತುವನ್ನು ಆಕರ ಎಂದು ಕರೆಯುವುದು ಹೇಗೆ? ಕಿಟ್ ಎಂಬುದು ಮಾರಾಟದ ಸರಕು, ಪೆಟ್ಟಿಗೆಯ ಮೇಲಿನ ಚಿತ್ರ ಚೆನ್ನಾಗಿದ್ದರೆ ಒಳಗಿನದು ಹೇಗಿದ್ದರೂ ಮಾರಾಟವಾಗುತ್ತದೆ. ಈ ಆಕ್ಷೇಪಕ್ಕೆ ಬಲವಾದ ಸಾಕ್ಷಿಯೂ ಇದೆ. 1986ರಲ್ಲಿ ಅಮೆರಿಕದ ಟೆಸ್ಟರ್ಸ್ ಕಂಪನಿ ‘ಎಫ್-19 ಸ್ಟೆಲ್ತ್’ ಎಂಬ ಕಿಟ್ ತಂದಿತು. ರೇಡಾರಿಗೆ ಕಾಣದ ರಹಸ್ಯ ವಿಮಾನ ಹೀಗಿರಬಹುದು ಎಂಬ ಊಹೆಯ ಮೇಲೆ, ನುಣುಪಾದ ದುಂಡು ಅಂಚುಗಳೊಂದಿಗೆ ಮಾಡಿದ್ದು. ಭರ್ಜರಿಯಾಗಿ ಮಾರಾಟವಾಯಿತು, ಅಮೆರಿಕದ ಸಂಸತ್ತಿನ ಸಮಿತಿಯ ವಿಚಾರಣೆಯಲ್ಲೂ ಅದರ ಪ್ರಸ್ತಾಪ ಬಂತು. 1988ರ ನವೆಂಬರಿನಲ್ಲಿ ನಿಜವಾದ ಎಫ್-117ರ ಚಿತ್ರ ಹೊರಬಿದ್ದಾಗ ನೋಡಿದರೆ, ಅದು ಚಪ್ಪಟೆ ಹಾಳೆಗಳನ್ನು ಕೋನಕೋನವಾಗಿ ಜೋಡಿಸಿದಂಥ ವಿಮಾನ. ತಮಾಷೆಯೆಂದರೆ ಅದೇ ಕಂಪನಿ ನಂತರ ಹೊರತಂದ ‘ಮಿಗ್-37’ ಎಂಬ ಪೂರಾ ಕಾಲ್ಪನಿಕ ರಷ್ಯನ್ ವಿಮಾನದ ಕಿಟ್ ಈ ಎಫ್-117ಕ್ಕೆ ಹೆಚ್ಚು ಹತ್ತಿರವಿತ್ತು! ಇದನ್ನೆಲ್ಲ ಒಪ್ಪಿಕೊಂಡೂ ಹೇಳಬೇಕಾದ ಮಾತಿದೆ. ತಪ್ಪು ತುಂಬಿದ ಹಳೆಯ ಭೂಪಟವನ್ನು ನಾವು ಬಿಸಾಡುವುದಿಲ್ಲ. ಆ ಕಾಲದವರಿಗೆ ಯಾವ ಕರಾವಳಿ ಗೊತ್ತಿತ್ತು, ಯಾವುದು ಗೊತ್ತಿರಲಿಲ್ಲ ಎಂಬುದನ್ನು ಅದರಿಂದಲೇ ತಿಳಿಯುತ್ತೇವೆ. ಅರೋರಾದ ಕಿಟ್ ಮಿಗ್-19ರ ಬಗ್ಗೆ ಏನೂ ಹೇಳುವುದಿಲ್ಲ ನಿಜ, ಆದರೆ 1950ರ ದಶಕದ ಅಮೆರಿಕ ಯಾವುದಕ್ಕೆ ಹೆದರಿತ್ತು, ಅದಕ್ಕೆ ಎಷ್ಟು ಕಡಿಮೆ ಗೊತ್ತಿತ್ತು ಎಂಬುದನ್ನು ಚೆನ್ನಾಗಿಯೇ ಹೇಳುತ್ತದೆ. ಕಿಟ್ಟನ್ನು ಓದುವವನು ಮೊದಲು ಅದರ ಅಚ್ಚು ತಯಾರಾದ ಇಸವಿಯನ್ನು ನೋಡಬೇಕು.

ಇಸವಿ ಮುಂದೆ ಹೋದಂತೆ ಸಾಕ್ಷ್ಯ ಗಟ್ಟಿಯಾಗುತ್ತದೆ. ಮಿಗ್-21ರ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1989ರ ನಂತರ. ಪೂರ್ವ ಯುರೋಪಿನ ಸರ್ಕಾರಗಳು ಬಿದ್ದವು, ವಿಮಾನಗಳು ಸಾಲುಸಾಲಾಗಿ ನಿವೃತ್ತವಾಗಿ ವಸ್ತುಸಂಗ್ರಹಾಲಯ ಸೇರಿದವು, ಅಳತೆಪಟ್ಟಿ ಹಿಡಿದು ಪಕ್ಕದಲ್ಲಿ ನಿಂತರೆ ಬಂಧಿಸುವವರು ಯಾರೂ ಉಳಿಯಲಿಲ್ಲ. ಹಿಂದೆ ಈ ವಿಮಾನವನ್ನು ಪರವಾನಗಿಯ ಮೇಲೆ ತಯಾರಿಸಿದ್ದ ಚೆಕ್ ನೆಲದಲ್ಲೇ ಅತ್ಯಂತ ವಿವರವಾದ ಕಿಟ್‌ಗಳು ಹುಟ್ಟಿದ್ದು ಆಕಸ್ಮಿಕವಲ್ಲ. ಅಲ್ಲಿನ ಎಡ್ವಾರ್ಡ್ ಕಂಪನಿ 2011ರಲ್ಲಿ 1:48ರ ಅಳತೆಯಲ್ಲಿ ಮಿಗ್-21ಎಂಎಫ್ ತಂದು, ಅದರ ಬೆನ್ನಿಗೇ ಬೇರೆ ರೂಪಾಂತರಗಳನ್ನೂ ತಂದಿತು. ಹಳೆಯ ಕಿಟ್‌ಗಳಲ್ಲಿ ತಗಡಿನ ಹೊಲಿಗೆಗಳು ಉಬ್ಬುಗೆರೆಗಳಾಗಿದ್ದವು. ಇವುಗಳಲ್ಲಿ ಕೂದಲೆಳೆಯ ಕೊರೆಗೆರೆಗಳು.

ರೂಪಾಂತರಗಳ ವಿಷಯಕ್ಕೆ ಬಂದರೆ ಮಾದರಿಕಾರನ ಹಠ ಯಾವ ಮಟ್ಟದ್ದು ಎಂಬುದು ಅಳತೆಯಲ್ಲೇ ಗೊತ್ತಾಗುತ್ತದೆ. ಮಿಗ್-21ರ ರೆಕ್ಕೆಯ ಹರವು 7.15 ಮೀಟರ್, 1:72ರಲ್ಲಿ ಅದು ಹತ್ತು ಸೆಂಟಿಮೀಟರಿಗೂ ತುಸು ಕಡಿಮೆ. ಮಾದರಿಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಏಳು ಸೆಂಟಿಮೀಟರಿಗೂ ಹೆಚ್ಚು. ಈ ಪುಟ್ಟ ಜಾಗದಲ್ಲಿ ಅವನು ಬೇರ್ಪಡಿಸಬೇಕಾದದ್ದು ಏನೇನು ನೋಡಿ. ಎಫ್-13ರಲ್ಲಿ ಮೂತಿಯ ಬಾಯಿ ಚಿಕ್ಕದು, ಗಾಳಿಯ ವೇಗ ಅಳೆಯುವ ಉದ್ದನೆಯ ಕೊಳವೆ ಬಾಯಿಯ ಕೆಳತುಟಿಯಲ್ಲಿದೆ, ಬಾಲದ ನಿಲುರೆಕ್ಕೆ ಕಿರಿದು, ಹೊಟ್ಟೆಯ ಬದಿಯಲ್ಲಿ 30 ಮಿ.ಮೀ. ಫಿರಂಗಿ. ಪಿಎಫ್‌ನಲ್ಲಿ ಬಾಯಿ ಅಗಲವಾಗಿದೆ, ಏಕೆಂದರೆ ನಡುವಿನ ಶಂಕುವಿನೊಳಗೆ ದೊಡ್ಡ ರೇಡಾರ್ ಕೂರಬೇಕು, ಕೊಳವೆ ಮೇಲ್ತುಟಿಗೆ ಹೋಗಿದೆ, ಫಿರಂಗಿಯೇ ಮಾಯ. ಮುಂದೆ ಪಿಎಫ್‌ಎಂನಲ್ಲಿ ಪೈಲಟ್ಟಿನ ಗಾಜಿನ ಮುಚ್ಚಳ ಮುಂದಕ್ಕೆ ಮಗುಚುವ ಬದಲು ಬದಿಗೆ ತೆರೆಯತೊಡಗಿತು. ನಾಲ್ಕು ಕಡೆ ಆಯುಧ ತೂಗಿಸುವ ರೆಕ್ಕೆ, ಒಳಗೇ ಕೂತ 23 ಮಿ.ಮೀ. ಜೋಡಿನಳಿಗೆಯ ಫಿರಂಗಿ, ಇನ್ನೂ ಊದಿದ ಬೆನ್ನು, ಇವು ಎಂ ಮತ್ತು ಎಂಎಫ್ ಸರಣಿಯವು. ಅಲ್ಲಿ ಕೊಳವೆಯೂ ನಡುವಿನಿಂದ ಬಲಕ್ಕೆ ಸರಿದಿದೆ. ಎಸ್‌ಎಂಟಿಯಲ್ಲಿ ಇಂಧನದ ಆಸೆಗೆ ಬೆನ್ನನ್ನು ಗೂನು ಬರುವಷ್ಟು ಉಬ್ಬಿಸಿದರು. ವಿಮಾನ ನೆಟ್ಟಗೆ ನಿಲ್ಲದಾಯಿತು, ಮತ್ತೆ ಇಳಿಸಬೇಕಾಯಿತು. ಬಿಸ್‌ನಲ್ಲಿ ದಪ್ಪ ಬೆನ್ನು ನಿಲುರೆಕ್ಕೆಯ ಬುಡದಲ್ಲಿ ಸೇರಿಹೋಗುತ್ತದೆ. ಹೊರಮೈಯನ್ನಷ್ಟೇ ನಕಲು ಮಾಡುವವನಿಗೆ ಒಳಗಿನ ಇತಿಹಾಸ ಹೇಗೆ ತಿಳಿದೀತು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಈ ವಿಮಾನದ ಹೊರಮೈಯ ಒಂದೊಂದು ಉಬ್ಬೂ ಒಳಗಿನ ಒಂದು ಕೊರತೆಗೆ ಕೊಟ್ಟ ಉತ್ತರ: ಇಂಧನ ಸಾಲದು, ರೇಡಾರ್ ಸಾಲದು, ಗುಂಡು ಸಾಲದು.

ಭಾರತದ ಮಿಗ್-21ಎಫ್‌ಎಲ್ ಈ ಸರಣಿಯಲ್ಲಿ ಎಡಬಿಡಂಗಿ, ಆದ್ದರಿಂದಲೇ ನಮಗೆ ಮುಖ್ಯ. ನಾಸಿಕದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾದ, 1971ರ ಯುದ್ಧದ ಹೊರೆ ಹೊತ್ತ ವಿಮಾನ ಇದೇ. ಇದರ ಮುಚ್ಚಳ ಪಿಎಫ್‌ನಂತೆ ಹಳೆಯ ಬಗೆಯದು, ನಿಲುರೆಕ್ಕೆ ಪಿಎಫ್‌ಎಂನಂತೆ ಅಗಲವಾದದ್ದು. ಪಿಎಫ್ ಕಿಟ್ಟಿನ ಮುಂಭಾಗ, ಪಿಎಫ್‌ಎಂ ಕಿಟ್ಟಿನ ಬಾಲ ಗರಗಸದಿಂದ ಕೊಯ್ದು, ಅಂಟಿಸಿ, ಪುಟ್ಟಿ ಮೆತ್ತಿ, ಉಜ್ಜಿ ನುಣುಪು ಮಾಡಿದರೆ ಎಫ್‌ಎಲ್ ಆಗುತ್ತದೆ. ಹೊಟ್ಟೆಯಡಿ ಜಿಪಿ-9 ಎಂಬ ಫಿರಂಗಿ ಪೊಟ್ಟಣವನ್ನೂ ಕೂರಿಸಬೇಕು, ಏಕೆಂದರೆ ಈ ವಿಮಾನಕ್ಕೆ ಒಳಗೆ ಫಿರಂಗಿ ಇರಲಿಲ್ಲ. 1971ರ ಡಿಸೆಂಬರ್ 12ರಂದು ಕಛ್ ಕೊಲ್ಲಿಯ ಮೇಲೆ ಪಾಕಿಸ್ತಾನದ ಎಫ್-104 ಅನ್ನು ಕೆಡವಿದ್ದು ಕ್ಷಿಪಣಿಯಲ್ಲ, ಫಿರಂಗಿಯೇ. ಬಣ್ಣದ ಪ್ರಶ್ನೆ ಇನ್ನೂ ಕಠಿಣ. ಅದುವರೆಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ವಿಮಾನಗಳಿಗೆ ಯುದ್ಧದ ಹೊತ್ತಿಗೆ ಸ್ಕ್ವಾಡ್ರನ್ನುಗಳು ಸಿಕ್ಕ ಬಣ್ಣ ಬಳಿದವು, ಒಬ್ಬರ ವಿನ್ಯಾಸ ಇನ್ನೊಬ್ಬರಿಗಿಲ್ಲ. ಮಸುಕಾದ ಕಪ್ಪುಬಿಳುಪು ಫೋಟೊಗಳನ್ನು ಕೂಡಿಹಾಕಿ, ಬಾಲದ ಮೇಲಿನ ಸಂಖ್ಯೆ ಹೋಲಿಸಿ, ಯಾವ ಪಟ್ಟೆ ಎಲ್ಲಿ ತಿರುಗುತ್ತದೆ ಎಂದು ಪತ್ತೆಮಾಡುವ ಕೆಲಸ ಯಾವುದೇ ಸಂಶೋಧಕನಿಗೆ ಒಪ್ಪುವಂಥದ್ದು.

ಕೊನೆಯ ಆಕ್ಷೇಪ ನೈತಿಕವಾದದ್ದು. ಕೊಲ್ಲುವ ಯಂತ್ರಕ್ಕೆ ಬಣ್ಣ ಬಳಿದು ಗಾಜಿನ ಕಪಾಟಿನಲ್ಲಿಟ್ಟರೆ ಅದು ತಂದ ಸಾವು ಮರೆತುಹೋಗುವುದಿಲ್ಲವೇ? ಮಿಗ್-21ರ ವಿಷಯದಲ್ಲಿ ಸತ್ತವರಲ್ಲಿ ನಮ್ಮವರೇ ಬಹಳ. 2012ರಲ್ಲಿ ರಕ್ಷಣಾ ಸಚಿವರು ಸಂಸತ್ತಿಗೆ ಕೊಟ್ಟ ಲೆಕ್ಕದಂತೆ, ಕೊಂಡ 872 ಮಿಗ್‌ಗಳಲ್ಲಿ 482 ಅಪಘಾತಕ್ಕೀಡಾಗಿದ್ದವು, 171 ಪೈಲಟ್‌ಗಳೂ 39 ನಾಗರಿಕರೂ ಪ್ರಾಣ ಕಳೆದುಕೊಂಡಿದ್ದರು. ಮಾದರಿಯಲ್ಲಿ ಈ ನೋವು ಕಾಣುವುದಿಲ್ಲ, ಇದು ಅದರ ನಿಜವಾದ ಮಿತಿ. ಆದರೆ ಆ ಅಂಕಿಯನ್ನೇ ಇನ್ನೊಮ್ಮೆ ನೋಡಿ: ಅದು ‘ಮಿಗ್’ ಎಂಬ ಹೆಸರಿನ ಎಲ್ಲ ವಿಮಾನಗಳನ್ನೂ ಒಟ್ಟಿಗೆ ಎಣಿಸಿದ್ದು. ‘ಹಾರುವ ಶವಪೆಟ್ಟಿಗೆ’ ಎಂಬ ಪತ್ರಿಕೆಗಳ ಬಿರುದೂ ಹಾಗೆಯೇ, ಎಲ್ಲವನ್ನೂ ಒಂದೇ ಗಂಟು ಕಟ್ಟಿತು. ಯಾವ ಮಾದರಿಯ ವಿಮಾನ, ಯಾವ ವರ್ಷ, ಹಾರಿಸಿದವನಿಗೆ ಎಷ್ಟು ತರಬೇತಿ ಎಂದು ಕೇಳಿದಾಗಲೇ ಹೊಣೆ ಯಾರದ್ದೆಂಬುದು ತಿಳಿಯುತ್ತದೆ. ಮುಂದುವರಿದ ತರಬೇತಿ ಜೆಟ್ ಬೇಕೆಂದು 1982ರಲ್ಲೇ ಸಮಿತಿಯೊಂದು ಹೇಳಿತ್ತು; ಅಂಥ ಜೆಟ್ ಆದ ಹಾಕ್ ವಾಯುಪಡೆಯ ಸೇವೆಗೆ ಸೇರಿದ್ದು 2008ರಲ್ಲಿ. ಅಷ್ಟು ವರ್ಷ ಹೊಸ ಹುಡುಗರು ಸಬ್‌ಸಾನಿಕ್ ವಿಮಾನದಿಂದ ನೇರ ಹಳೆಯ ಮಿಗ್-21ಕ್ಕೆ ಹತ್ತಿದರು. ರೂಪಾಂತರಗಳನ್ನು ಬೇರ್ಪಡಿಸುವ ಚಟ ಹೀಗೆ ಸಾವನ್ನು ಮರೆಸುವ ಬದಲು ಅದರ ಕಾರಣದ ಹತ್ತಿರಕ್ಕೇ ಒಯ್ಯುತ್ತದೆ.

ಮಾರುಕಟ್ಟೆ ಯಾವುದನ್ನು ಮರೆಯುತ್ತದೆ ಎಂಬುದು ಮಾತ್ರ ನನಗೆ ಹೆಚ್ಚು ಕಾಡುವ ಪ್ರಶ್ನೆ. ಬೆಂಗಳೂರಿನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲ ಬಾರಿ ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನಕ್ಕೆ ಏರ್‌ಫಿಕ್ಸ್, ತಮಿಯಾ, ಹಸೆಗಾವಾದಂಥ ದೊಡ್ಡ ಕಂಪನಿಗಳು ಅಚ್ಚು ಹಾಕಲಿಲ್ಲ. ಮಿಗ್ ಹಲವು ದೇಶಗಳಲ್ಲಿ ಹಾರಿತ್ತು, ಕೊಳ್ಳುವವರಿದ್ದರು, ಮಾರುತ್ ನಮ್ಮದೊಂದೇ. ಅದರ ವಿವರ ಉಳಿಸುವ ಕೆಲಸ ನಮ್ಮ ಮೇಲೆಯೇ ಇದೆ. ನಿವೃತ್ತವಾದ ಮಿಗ್-21ಗಳು ಈಗ ಕಾಲೇಜುಗಳ ಮುಂದೆ, ವೃತ್ತಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ನಿಲ್ಲಲಿವೆ. ಅವುಗಳ ಪಕ್ಕದ ಫಲಕದಲ್ಲಿ ಹೆಸರಿನ ಜೊತೆಗೆ ಯಾವ ರೂಪಾಂತರ, ಬಾಲದ ಸಂಖ್ಯೆ ಏನು, ಯಾವ ಸ್ಕ್ವಾಡ್ರನ್ನಿನಲ್ಲಿತ್ತು, ಯಾವ ವರ್ಷ ಇಳಿಯಿತು ಎಂಬುದನ್ನೂ ಬರೆಸಿ. ಮರುಬಣ್ಣ ಬಳಿಯುವ ಮುನ್ನ ಹಳೆಯ ಬಣ್ಣದ ಫೋಟೊ ತೆಗೆಸಿ.