ಹೋಮರನ ದೇವರುಗಳು, ನಮ್ಮ ಅಸಾದಿಯ ಮಾರವ್ವ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಜಗಳೂರಿನಲ್ಲಿ ಓದಲು ಕೂತಿದ್ದಾಗ ಹುಡುಗನೊಬ್ಬ ಕೇಳಿದ: "ಅಣ್ಣಾ, ಗ್ರೀಕರ ದೇವರು ಹೊಡೆದಾಡಿದ್ರೆ ಮಹಾಕಾವ್ಯ. ನಮ್ಮ ಅಸಾದಿ ಮಾರವ್ವನ ಕಥೆ ಹಾಡಿದ್ರೆ ಮೂಢನಂಬಿಕೆ. ಇದ್ಯಾವ ನ್ಯಾಯ?"

ಆವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಬರೀತಿದೀನಿ.

ಇಲಿಯಡ್ ಶುರುವಾಗೋದೇ ಸಾಂಕ್ರಾಮಿಕ ರೋಗದಿಂದ. ರಾಜ ಅಗಮೆಮ್ನಾನ್ ಒಬ್ಬ ಪೂಜಾರಿಯನ್ನು ಅವಮಾನಿಸ್ತಾನೆ. ಸಿಟ್ಟಾದ ಅಪೋಲೋ ದೇವರು 9 ದಿನ ಬಾಣ ಬಿಡ್ತಾನೆ. ಮೊದಲು ಹೇಸರಗತ್ತೆ, ನಾಯಿಗಳು, ಆಮೇಲೆ ಸೈನಿಕರು ಸಾಯ್ತಾರೆ. ತಪ್ಪು ರಾಜನದು, ಚಿತೆ ಉರಿದದ್ದು ಸಾಮಾನ್ಯರದು. ಸಿಡುಬು ಬಂದಾಗ "ಅಮ್ಮ ಬಂದಾಳೆ" ಅಂತ ಬೇವಿನ ಸೊಪ್ಪು ಕಟ್ಟಿ ಕೂತ ನಮ್ಮ ಅಜ್ಜಿಯರಿಗೆ ಈ ಕಥೆ ಹೊಸದೇನೂ ಅನಿಸ್ತಿರಲಿಲ್ಲ.

ಅಲ್ಲಿನ ದೇವರುಗಳೂ ಪಕ್ಷ ಕಟ್ತಾರೆ. ಹೇರಾ, ಅಥೀನಾ, ಪೊಸೈಡನ್ ಗ್ರೀಕರ ಕಡೆ. ಅಪೋಲೋ, ಆಫ್ರೊಡೈಟ್, ಏರಿಸ್ ಟ್ರಾಯ್ ಕಡೆ. ಮನುಷ್ಯನಾದ ಡಯೋಮಿಡೀಸ್ ದೇವತೆಯ ಕೈಗೇ ಈಟಿ ಚುಚ್ತಾನೆ. ನಮ್ಮ ಅಸಾದಿಯೂ ಜಾತ್ರೆಯಲ್ಲಿ ಮಾರವ್ವನನ್ನು ಎದುರಿಗೇ ನಿಂತು ಬೈತಾನೆ. ಆ ಬೈಗುಳವೇ ಅಲ್ಲಿ ಪೂಜೆ. ದೇವಿಯನ್ನು ಬೈಯೋ ಹಕ್ಕಿರುವ ಆ ಮನುಷ್ಯನಿಗೆ ಜಾತ್ರೆ ಮುಗಿದ ಮಾರನೇ ದಿನ ಹೋಟೆಲ್‌ನಲ್ಲಿ ಕೂತು ಚಾ ಕುಡಿಯೋ ಹಕ್ಕು ಇರಲಿಲ್ಲ.

ಇಲಿಯಡ್‌ನಲ್ಲಿ ನನ್ನನ್ನು ಕಾಡುವವನು ಥರ್ಸೈಟೀಸ್. ಸಾಮಾನ್ಯರ ನಡುವಿಂದ ಎದ್ದು ನಿಂತು "ಲೂಟಿಯೆಲ್ಲ ನಿನಗೆ, ಸಾವು ನಮಗಾ?" ಅನ್ನೋ ಅರ್ಥದಲ್ಲಿ ರಾಜನನ್ನು ಕೇಳ್ತಾನೆ. ಒಡಿಸ್ಯೂಸ್ ರಾಜದಂಡದಿಂದ ಅವನ ಬೆನ್ನಿಗೆ ಬಾರಿಸ್ತಾನೆ, ಜನ ನಗ್ತಾರೆ. ಕವಿ ಅವನನ್ನು ಕುಂಟ, ಗೂನ, ಕುರೂಪಿ ಅಂತ ಚಿತ್ರಿಸಿದ್ದಾನೆ. ಅವನ ಪರ ಒಬ್ಬ ದೇವರೂ ಬರಲ್ಲ. ಅಥೀನಾ ಬರ್ತಾಳೆ, ಆದರೆ ಹೊಡೆದವನ ಪಕ್ಕ ನಿಂತು, ಅವನ ಮಾತು ಕೇಳಿಸಲಿ ಅಂತ ಜನರನ್ನು ಸುಮ್ಮನಿರಿಸೋಕೆ!

ಈಗ ಮಾರವ್ವನ ಕಥೆಗೆ ಬನ್ನಿ. ಕೇರಿಯ ಹುಡುಗ ಜಾತಿ ಮುಚ್ಚಿಟ್ಟು ವೇದ ಕಲಿತ, ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಗುಟ್ಟು ಬಯಲಾಯ್ತು. ಅವಳು ಉರಿದು ಮಾರಿಯಾದಳು, ಅವನು ಕೋಣವಾದ. ಅದಕ್ಕೇ ಜಾತ್ರೆ ಜಾತ್ರೆಗೂ ಕೋಣನ ತಲೆ ಬೀಳಬೇಕಂತೆ. ಬಿಷಪ್ ವೈಟ್‌ಹೆಡ್ ಕೂಡ 100 ವರ್ಷಗಳ ಹಿಂದೆಯೇ ಇಂಥ ಕಥೆಯನ್ನು ದಾಖಲಿಸಿದ್ದಾರೆ. ಗೆಳೆಯರೇ, ಓದಿದ್ದು, ಪ್ರೀತಿಸಿದ್ದು ತಪ್ಪು, ಶಿಕ್ಷೆ ತಲೆ ಕಡಿಯೋದು. ಇವತ್ತಿನ ಮರ್ಯಾದೆಗೇಡು ಹತ್ಯೆಗಳ ಸುದ್ದಿ ಓದುವಾಗ ಈ ಕಥೆ ಹಳೇದು ಅನಿಸುತ್ತಾ?

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದಲ್ಲಿ ಇನ್ನೊಂದು ದಾರಿ ಇದೆ. ಅದು ಬಂಜಾರರ ಸೇವಾಲಾಲರು 1739ರಲ್ಲಿ ಹುಟ್ಟಿದ ಊರು ಅಂತ ನಂಬಿಕೆ. ಅವರ ಹಾಡುಕಥೆಯಲ್ಲಿ ಮರಿಯಮ್ಮ ತಂದೆ ಭೀಮಾನಾಯ್ಕರ ಹತ್ತಿರ ಮಗನನ್ನೇ ತನ್ನ ಸೇವೆಗೆ ಕೇಳ್ತಾಳೆ. ಸೇವಾಲಾಲ್ ಸುಲಭಕ್ಕೆ ಒಪ್ಪಲ್ಲ, ರಕ್ತಬಲಿಯನ್ನೂ ಒಪ್ಪಲ್ಲ. ಅವಳು ಕಷ್ಟ ಕೊಟ್ಟರೂ ಹೆದರಲ್ಲ. ಇಲ್ಲಿ ಭಕ್ತ ದೇವಿಯ ಜೊತೆ ಕರಾರು ಮಾಡ್ತಾನೆ.

ದೇವಿಯ ಹೆಸರಲ್ಲಿ ನಡೆಯುವುದನ್ನು ಪ್ರಶ್ನಿಸಿದರೆ ಏನಾಗುತ್ತೆ ಅಂತಲೂ ನಾವು ನೋಡಿದ್ದೇವೆ. 1986ರಲ್ಲಿ, ಹೊನ್ನಾಳಿ, ಚನ್ನಗಿರಿ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿದ್ದಾಗ, ಅದೇ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಸಂಗಾತಿಗಳನ್ನು ಹೊಡೆದು ಬೆತ್ತಲೆ ಮಾಡಿದರು. ಪೊಲೀಸರನ್ನೂ ಬಿಡಲಿಲ್ಲ. ಆ ಹೊಡೆತ ತಿಂದವರಿಂದಲೇ ಆ ಪದ್ಧತಿಗೆ ನಿಷೇಧ ಬಂತು. ಅವರು ನಮ್ಮ ಥರ್ಸೈಟೀಸರು.

ಆ ಹುಡುಗನಿಗೆ ನನ್ನ ಉತ್ತರ ಇಷ್ಟೇ. ತಮ್ಮಾ, ಎರಡೂ ಮಹಾಕಾವ್ಯವೇ. ಹೋಮರನ ಕಾವ್ಯವೂ ಬಾಯಿಂದ ಬಾಯಿಗೆ ಬಂದ ಹಾಡುಗಾರಿಕೆಯಲ್ಲೇ ಬೆಳೆದದ್ದು. ಆದರೆ ಅಪೋಲೋನ ಪೂಜೆ ಯಾವತ್ತೋ ನಿಂತಿದೆ, ಟ್ರಾಯ್ ಜನರ ಮೊಮ್ಮಕ್ಕಳನ್ನು ಯಾರೂ ಊರಾಚೆ ಇಟ್ಟಿಲ್ಲ. ನಮ್ಮ ಕಾವ್ಯ ಇನ್ನೂ ಕೇರಿಯೊಳಗೆ ನಡೀತಿದೆ, ಪಾತ್ರ ನಮ್ಮ ಮೈಮೇಲೇ ಇದೆ.

ಅಸಾದಿಯ ಹಾಡು ಉಳಿಸೋಣ, ಬರೆದಿಡೋಣ, ಅವನನ್ನು ಕವಿ ಅಂತ ಕರೆಯೋಣ. ಕೋಣನ ಪಾತ್ರ ಮಾತ್ರ ನಮಗೆ ಬೇಡ.

ನಿಮ್ಮೂರಲ್ಲಿ ಈ ಕಥೆ ಹೇಗೆ ಹೇಳ್ತಾರೆ? ಹಿರಿಯರನ್ನು ಕೇಳಿ ಬರೀರಿ. ಜೈ ಭೀಮ್.