ಮೋಟಾರ್‌ಸೈಕಲ್ ಎಂಜಿನ್ನಿನ ಉಸಿರುಗೊಳವೆ

ಹಳೆಯ ಬುಲೆಟ್ ನಿಲ್ಲಿಸುವ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆ ಇರುವುದನ್ನು ನೀವು ನೋಡಿರಬಹುದು. ಗ್ಯಾಸ್ಕೆಟ್ ಹೋಗಿದೆ ಎಂದು ಅದನ್ನು ಬದಲಾಯಿಸುತ್ತಾರೆ. ಕೆಲವು ವಾರಗಳಲ್ಲಿ ಕಲೆ ಮತ್ತೆ ಮೂಡುತ್ತದೆ. ಎಷ್ಟೋ ಸಲ ದೋಷವಿರುವುದು ಗ್ಯಾಸ್ಕೆಟ್‌ನಲ್ಲಲ್ಲ, ಯಾರೂ ಗಮನಿಸದ ಒಂದು ಕೊಳವೆಯಲ್ಲಿ. ಅದೇ ಕ್ರ್ಯಾಂಕ್‌ಕೇಸಿನ ಬ್ರೀದರ್, ಅಂದರೆ ಎಂಜಿನ್ನಿನ ಉಸಿರುಗೊಳವೆ.

ಎಂಜಿನ್ನಿಗೆ ಉಸಿರೇಕೆ ಬೇಕು? ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ದಹನದ ಅನಿಲದಲ್ಲಿ ಸ್ವಲ್ಪ ಭಾಗ ಅವುಗಳ ಸಂದಿಯಿಂದ ಕೆಳಗೆ ನುಸುಳುತ್ತದೆ. ಅದರಲ್ಲಿ ಉರಿಯದ ಪೆಟ್ರೋಲಿನ ಆವಿ ಇರುತ್ತದೆ, ನೀರಾವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿ! ಚಳಿಗಾಲದಲ್ಲಿ ಬರೀ ಅಂಗಡಿಗೆ ಹೋಗಿಬರುವ ಗಾಡಿಯ ಎಣ್ಣೆ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಾಣುವುದು ಈ ನೀರಿನಿಂದಲೇ.

ಎರಡನೆಯ ಕಾರಣ ಪಿಸ್ಟನ್ನಿನ ಓಡಾಟ. ಪಿಸ್ಟನ್ ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಪಂಪಿನಂತೆ ಕೆಲಸ ಮಾಡುತ್ತದೆ. 350 ಬುಲೆಟ್ಟಿನ ಸಿಲಿಂಡರಿನ ವ್ಯಾಸ 70 ಮಿ.ಮೀ., ಪಿಸ್ಟನ್ ಚಲಿಸುವ ದೂರ 90 ಮಿ.ಮೀ. ಗುಣಿಸಿ ನೋಡಿ, 346 ಘನ ಸೆಂ.ಮೀ. ಬರುತ್ತದೆ. ಪಿಸ್ಟನ್ ಮೇಲಿದ್ದಾಗ ಕೆಳಗಿರುವ ಗಾಳಿಯ ಜಾಗ 2 ಲೀಟರ್ ಎಂದಿಟ್ಟುಕೊಳ್ಳೋಣ. ಪಿಸ್ಟನ್ ಕೆಳಗಿಳಿದಾಗ ಅದು 1.65 ಲೀಟರಿಗೆ ಕುಗ್ಗುತ್ತದೆ. ತಾಪ ಬದಲಾಗದಿದ್ದರೆ ಬಾಯ್ಲ್‌ನ ನಿಯಮದಂತೆ ಒತ್ತಡ ಸುಮಾರು ಶೇ. 21ರಷ್ಟು ಏರಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಇದು ಸೆಕೆಂಡಿಗೆ 50 ಬಾರಿ ನಡೆಯುತ್ತದೆ.

ಎರಡು ಸ್ಟ್ರೋಕಿನ ಎಂಜಿನ್ನು ಈ ಪಂಪನ್ನೇ ದುಡಿಮೆಗೆ ಹಚ್ಚಿತು. ಇಂಗ್ಲೆಂಡಿನ ಜೋಸೆಫ್ ಡೇ 1890ರ ಸುಮಾರಿಗೆ ರೂಪಿಸಿದ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ತಳ್ಳಲ್ಪಡುತ್ತಿತ್ತು. ನಮ್ಮ ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಿಗೆ ಬ್ರೀದರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ನುಗಳಿಗೆ ಮಾತ್ರ ಈ ಪಂಪು ಒಂದು ಕಾಟ.

ಆರಂಭದ ದಿನಗಳಲ್ಲಿ ಅದು ಕಾಟ ಎನಿಸಲಿಲ್ಲ. ಸವಾರ ಆಗಾಗ ಕೈಪಂಪನ್ನು ಒತ್ತಿ ಎಂಜಿನ್ನಿಗೆ ಎಣ್ಣೆ ಕಳಿಸುತ್ತಿದ್ದ. ಹೋದ ಎಣ್ಣೆ ತೊಟ್ಟಿಗೆ ಮರಳುತ್ತಿರಲಿಲ್ಲ. ಉರಿದುಹೋಗುತ್ತಿತ್ತು, ಇಲ್ಲವೇ ಬ್ರೀದರಿನಿಂದ ಹೊರಬರುತ್ತಿತ್ತು. ಕೆಲವು ತಯಾರಕರು ಆ ಕೊಳವೆಯ ತುದಿಯನ್ನು ಚೈನಿನ ಕಡೆಗೆ ತಿರುಗಿಸಿ, ಚೆಲ್ಲುವ ಎಣ್ಣೆಯಿಂದಲೇ ಚೈನಿಗೆ ಲೇಪನ ಮಾಡಿಸಿದರು. ಅದೇ ಎಣ್ಣೆ ಮತ್ತೆ ಮತ್ತೆ ಸುತ್ತುವ ವ್ಯವಸ್ಥೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಈಗ ಗಾಳಿ ಹೊರಹೋಗಬೇಕು, ಎಣ್ಣೆ ಹೋಗಬಾರದು.

1937ರಲ್ಲಿ ಟ್ರಯಂಫ್ ಕಂಪನಿ ಎಡ್ವರ್ಡ್ ಟರ್ನರ್ ವಿನ್ಯಾಸದ ಸ್ಪೀಡ್ ಟ್ವಿನ್ ಹೊರತಂದಾಗ ಸಮಸ್ಯೆ ಇನ್ನೂ ತೀವ್ರವಾಯಿತು. ಅದರ ಎರಡು ಪಿಸ್ಟನ್ನುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಒಂದು ಏರುವಾಗ ಇನ್ನೊಂದು ಇಳಿಯುವಂತಿದ್ದರೆ ಒಟ್ಟು ಗಾತ್ರ ಹೆಚ್ಚು ಬದಲಾಗುತ್ತಿರಲಿಲ್ಲ. ಇಲ್ಲಿ ಇಡೀ 498 ಘನ ಸೆಂ.ಮೀ. ಒಮ್ಮೆಲೇ ತಳ್ಳಲ್ಪಡುತ್ತದೆ. (ಬಿ.ಎಂ.ಡಬ್ಲ್ಯು.ನ ಎದುರುಬದುರು ಸಿಲಿಂಡರುಗಳಿಗೂ ಇದೇ ಪಾಡು: ಎರಡು ಪಿಸ್ಟನ್ನುಗಳೂ ಏಕಕಾಲಕ್ಕೆ ಒಳಗೆ ಬರುತ್ತವೆ.) ಟ್ರಯಂಫ್ ಇದಕ್ಕೆ ಕಾಲನಿಯಂತ್ರಿತ ಕವಾಟವನ್ನು ಬಳಸಿತು. ಕ್ಯಾಮ್‌ಶಾಫ್ಟಿನ ತುದಿಯಲ್ಲಿ ತೂತುಗಳಿರುವ ಒಂದು ಸಣ್ಣ ಬಿಲ್ಲೆ ತಿರುಗುತ್ತಾ ಪಿಸ್ಟನ್ ಇಳಿಯುವಾಗ ದಾರಿ ತೆರೆಯುತ್ತಿತ್ತು, ಏರುವಾಗ ಮುಚ್ಚುತ್ತಿತ್ತು. ಹಾರ್ಲೆ-ಡೇವಿಡ್‌ಸನ್ನಿನ ದೊಡ್ಡ ಎಂಜಿನ್ನುಗಳಲ್ಲಿ ಗಿಯರಿನಿಂದ ತಿರುಗುವ ಇಂಥದೇ ಕವಾಟ 1990ರ ದಶಕದ ಕೊನೆಯವರೆಗೂ ಇತ್ತು.

ಕಾಗದದ ಮೇಲೆ ಇದು ಸೊಗಸಾದ ಉಪಾಯ. ಆದರೆ ಅನಿಲಕ್ಕೂ ಜಡತ್ವವಿದೆ. ವೇಗ ಹೆಚ್ಚಿದಂತೆ ಕಿರಿದಾದ ದಾರಿಯಲ್ಲಿ ಗಾಳಿಯ ಹರಿವು ಪಿಸ್ಟನ್ನಿಗಿಂತ ಹಿಂದೆ ಬೀಳುತ್ತದೆ. ಬಿಲ್ಲೆಯ ವೇಳಾಪಟ್ಟಿ ಮಾತ್ರ ಬದಲಾಗದು. ಒಂದು ವೇಗಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಸರಿಹೋಗುವುದಿಲ್ಲ.

1970ರ ಮಾದರಿಗಳಲ್ಲಿ ಟ್ರಯಂಫ್ ಆ ಬಿಲ್ಲೆಯನ್ನೇ ತೆಗೆದುಹಾಕಿತು. ಎಡಬದಿಯ ಬೇರಿಂಗಿನ ಬಳಿ ಕ್ರ್ಯಾಂಕ್‌ಕೇಸಿನ ಗೋಡೆಯಲ್ಲಿ ಮೂರು ಸಣ್ಣ ತೂತು ಕೊರೆದು, ಗಾಳಿಯನ್ನು ಪಕ್ಕದ ಪ್ರೈಮರಿ ಚೈನಿನ ಪೆಟ್ಟಿಗೆಗೆ ಬಿಟ್ಟಿತು. ಅಲ್ಲಿಂದ ಅಗಲವಾದ ಕೊಳವೆಯೊಂದು ಹಿಂದಕ್ಕೆ ಸಾಗಿತು. ಇದರಲ್ಲಿ ಅಡಗಿರುವ ಭೌತವಿಜ್ಞಾನವನ್ನು ಗಮನಿಸಿ. ಒಟ್ಟು ಗಾತ್ರ ಹೆಚ್ಚಿದ್ದರಿಂದ ಒತ್ತಡದ ಏರಿಳಿತ ತಗ್ಗಿತು. ದೊಡ್ಡ ಪೆಟ್ಟಿಗೆಯೊಳಗೆ ಗಾಳಿಯ ವೇಗ ಕುಸಿದು, ಎಣ್ಣೆಯ ಹನಿಗಳು ಕೆಳಗೆ ಬಿದ್ದವು. ಹೆಚ್ಚಾದ ಎಣ್ಣೆ ಅದೇ ತೂತುಗಳಿಂದ ಮರಳಿ ಕ್ರ್ಯಾಂಕ್‌ಕೇಸಿಗೆ ಹರಿದು, ಪೆಟ್ಟಿಗೆಯ ಎಣ್ಣೆ ಮಟ್ಟ ತಾನಾಗಿ ನಿಂತಿತು. ಒಂದೂ ಚಲಿಸುವ ಭಾಗವಿಲ್ಲ! ಬ್ರಿಟಿಷ್ ಎಂಜಿನಿಯರರು ಈ ವಿಷಯದಲ್ಲಿ ತೋರಿದ ಅತ್ಯಂತ ಜಾಣತನ ಇದೇ ಎಂದು ನನ್ನ ಅಭಿಪ್ರಾಯ.

ಅಷ್ಟರಲ್ಲಿ ಪ್ರಶ್ನೆ ಬೇರೆ ದಿಕ್ಕಿನಿಂದಲೂ ಎದುರಾಗಿತ್ತು. ಹೊರಬಿಟ್ಟ ಉಸಿರು ಎಲ್ಲಿಗೆ ಹೋಗಬೇಕು? ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಹೊಗೆಮಂಜಿಗೆ ಕಾರಣವೇನೆಂದು 1950ರ ದಶಕದ ಆರಂಭದಲ್ಲಿ ರಸಾಯನವಿಜ್ಞಾನಿ ಆರಿ ಹಾಗನ್-ಸ್ಮಿಟ್ ತೋರಿಸಿಕೊಟ್ಟರು. ಹೈಡ್ರೊಕಾರ್ಬನ್ನುಗಳೂ ನೈಟ್ರೊಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಓಜೋನನ್ನು ಉಂಟುಮಾಡುತ್ತಿದ್ದವು. ನಿಯಂತ್ರಣವಿಲ್ಲದ ಕಾರು ಹೊರಬಿಡುವ ಹೈಡ್ರೊಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಭಾಗ ಸೈಲೆನ್ಸರಿನಿಂದಲ್ಲ, ಕ್ರ್ಯಾಂಕ್‌ಕೇಸಿನಿಂದ ಬರುತ್ತಿತ್ತು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯದ ಕಾರುಗಳಲ್ಲಿ ಈ ಅನಿಲವನ್ನು ಎಂಜಿನ್ನಿಗೇ ಮರಳಿಸಿ ಉರಿಸುವ ಏರ್ಪಾಡು ಬಂತು. ಮೋಟಾರ್‌ಸೈಕಲ್ಲುಗಳ ಸರದಿ ಆಮೇಲೆ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮದಂತೆ ಹೊಸ ದ್ವಿಚಕ್ರ ವಾಹನದ ಕ್ರ್ಯಾಂಕ್‌ಕೇಸ್ ಅನಿಲ ನೇರವಾಗಿ ಗಾಳಿಗೆ ಸೇರುವಂತಿಲ್ಲ. ಕೊಳವೆ ಏರ್‌ಫಿಲ್ಟರಿನ ಪೆಟ್ಟಿಗೆಗೆ ಹೋಗುತ್ತದೆ.

ಹಳೆಯ ಬುಲೆಟ್ ಇಟ್ಟುಕೊಂಡಿರುವವರು ಏನು ಮಾಡಬೇಕು? ಅದರಲ್ಲಿರುವುದು ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಕವಾಟ. ಒಳಗಿನ ಒತ್ತಡಕ್ಕೆ ತುಟಿ ತೆರೆಯುತ್ತದೆ, ಹೊರಗಿನ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ನಮ್ಮ ಉದಾಹರಣೆಗೇ ಮರಳಿದರೆ, ಆದರ್ಶ ಕವಾಟವಿದ್ದಾಗ ಪಿಸ್ಟನ್ ಕೆಳಗಿರುವಾಗ ಒಳಗೆ ವಾತಾವರಣದ ಒತ್ತಡ, ಮೇಲೇರಿದಾಗ ಅದರ ಶೇ. 83ರಷ್ಟು. ಅಂದರೆ ಒತ್ತಡ ಎಂದೂ ಹೊರಗಿನದಕ್ಕಿಂತ ಮೇಲೇರದು. ಸಂದಿಗಳಲ್ಲಿ ಎಣ್ಣೆ ಹೊರಗೆ ಜಿನುಗುವ ಬದಲು ಗಾಳಿ ಒಳಗೆ ಎಳೆಯಲ್ಪಡುತ್ತದೆ. ಎಣ್ಣೆಯ ಬಿಸಿಗೆ ಆ ರಬ್ಬರ್ ಗಡುಸಾದರೆ ಲಾಭವೆಲ್ಲ ಹೋಯಿತು. ಅದನ್ನು ಬಿಚ್ಚಿ, ಒರೆಸಿ, ಎರಡೂ ಕಡೆಯಿಂದ ಊದಿ ನೋಡಿ. ಒಂದೇ ಕಡೆಗೆ ಗಾಳಿ ಹಾಯಬೇಕು.

ಬದಲಾಯಿಸುವುದಾದರೆ ನಾನು ಆರಿಸುವ ಕ್ರಮ ಹೀಗಿದೆ. ಏಕಮುಖ ಕವಾಟ ಎಂಜಿನ್ನಿಗೆ ಹತ್ತಿರವಿರಲಿ. ಉದ್ದ ಕೊಳವೆಯ ತುದಿಯಲ್ಲಿಟ್ಟರೆ ಕೊಳವೆಯೊಳಗಿನ ಗಾಳಿಯೇ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಅಲ್ಲಿಂದ ಅಗಲವಾದ ಕೊಳವೆ, ನೀರು ನಿಲ್ಲುವ ತಗ್ಗಿಲ್ಲದಂತೆ, ಮೇಲಕ್ಕೇರಿ ಎಣ್ಣೆ ಹಿಡಿಯುವ ಡಬ್ಬಿಗೆ ಸೇರಲಿ. ಡಬ್ಬಿಯ ಮೇಲ್ಬಾಯಿಯಿಂದ ಏರ್‌ಫಿಲ್ಟರಿಗೆ ಇನ್ನೊಂದು ಕೊಳವೆ. ಡಬ್ಬಿಯಿಲ್ಲದೆ ನೇರವಾಗಿ ಜೋಡಿಸಿದರೆ ಫಿಲ್ಟರ್ ಎಣ್ಣೆಯಲ್ಲಿ ತೊಯ್ದು, ಕಾರ್ಬ್ಯುರೇಟರಿಗೂ ಅಂಟು ಸೇರುತ್ತದೆ. ತುದಿಯನ್ನು ಹಿಂಚಕ್ರದ ಬಳಿ ಬಿಡುವುದಂತೂ ಬೇಡವೇ ಬೇಡ. ಟೈರಿನ ಮೇಲೆ ಎಣ್ಣೆ ಬಿದ್ದರೆ ತಿರುವಿನಲ್ಲಿ ಜಾರಿ ಬೀಳುತ್ತೀರಿ.

ಆಯ್ಕೆ ಸರಿಯಾಯಿತೇ ಎಂದು ಅಳೆಯಬಹುದು. ಕ್ರ್ಯಾಂಕ್‌ಕೇಸಿನ ಒಳಕ್ಕೆ ತೆರೆದಿರುವ ಒಂದು ಬಾಯಿಗೆ ಗಾಳಿಯಾಡದಂತೆ ಕೊಳವೆ ಜೋಡಿಸಿ, ಅದನ್ನು ದಪ್ಪ ಗಾಜಿನ ಖಾಲಿ ಸೀಸೆಯೊಂದರ ಮೂಲಕ, ನೀರು ತುಂಬಿದ ಯು ಆಕಾರದ ಪಾರದರ್ಶಕ ಕೊಳವೆಗೆ ಸೇರಿಸಿ. ಸೀಸೆ ಏರಿಳಿತವನ್ನು ಶಮನಗೊಳಿಸುತ್ತದೆ, ನೀರು ಎಂಜಿನ್ನಿಗೆ ಹೋಗದಂತೆಯೂ ತಡೆಯುತ್ತದೆ. ಎಂಜಿನ್ ಓಡುವಾಗ ನೀರು ಸೀಸೆಯ ಕಡೆಗೆ ಏರಿದರೆ ಒಳಗೆ ಒತ್ತಡ ಕಡಿಮೆ ಇದೆ, ಕವಾಟ ಕೆಲಸ ಮಾಡುತ್ತಿದೆ. ಆಚೆಗೆ ತಳ್ಳಲ್ಪಟ್ಟರೆ ಕವಾಟವನ್ನೂ ರಿಂಗುಗಳನ್ನೂ ಪರೀಕ್ಷಿಸಬೇಕು. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಸೆಂ.ಮೀ. ಅಂತರವಿದ್ದರೆ ಅದು ವಾತಾವರಣದ ಒತ್ತಡದ ಸುಮಾರು ಶೇ. 1ಕ್ಕೆ ಸಮ.